ಧರ್ಮ ನೋಡಿ ಆಶ್ರಯ ಕೊಡಬಹುದಾ? ಜೆಕ್ ದೇಶಕ್ಕೆ ಬಂದ ಇರಾಕಿ ಕ್ರೈಸ್ತರ ವಿಚಾರ

2016ರ ಏಪ್ರಿಲ್ 2, ಶನಿವಾರ. ಜೆಕ್ ಗಣರಾಜ್ಯದಿಂದ ಹೊರಟ ಒಂದು ಬಸ್ಸು ಜರ್ಮನಿಯ ಗಡಿ ದಾಟಿತು. ಸ್ವಲ್ಪ ಹೊತ್ತಿಗೆ ಜರ್ಮನ್ ಪೊಲೀಸರು ಅದನ್ನು ತಡೆದರು. ಒಳಗಿದ್ದವರು 25 ಮಂದಿ ಇರಾಕಿ ಕ್ರೈಸ್ತರು. ತಮಗೆ ಜರ್ಮನಿಯಲ್ಲಿ ಆಶ್ರಯ ಬೇಕು ಎಂದು ಅವರು ಕೇಳಿಕೊಂಡರು.

ಇದರಲ್ಲಿ ಅಂಥದ್ದೇನಿದೆ ಅನ್ನಿಸಬಹುದು. ಆಗ ಯುರೋಪಿನಲ್ಲಿ ನಿರಾಶ್ರಿತರ ಓಡಾಟ ದಿನನಿತ್ಯದ ಸುದ್ದಿ. ಆದರೆ ಇವರು ದೋಣಿ ಹತ್ತಿ ಕಳ್ಳದಾರಿಯಲ್ಲಿ ಬಂದವರಲ್ಲ. ಒಂದು ದತ್ತಿ ಸಂಸ್ಥೆ ಇವರನ್ನು ಹುಡುಕಿ, ಸರ್ಕಾರದ ಒಪ್ಪಿಗೆ ಪಡೆದು, ವಿಮಾನದಲ್ಲಿ ಜೆಕ್ ದೇಶಕ್ಕೆ ಕರೆತಂದಿತ್ತು. ಮನೆ, ಊಟ, ಭಾಷಾ ಪಾಠ ಎಲ್ಲಕ್ಕೂ ವ್ಯವಸ್ಥೆ ಇತ್ತು. ಎರಡು ಮೂರು ತಿಂಗಳೂ ಕಳೆಯುವ ಮೊದಲೇ ಅವರು ಹೊರಟುಬಿಟ್ಟಿದ್ದರು. ಮುಂದಿನ ಗುರುವಾರದ ಹೊತ್ತಿಗೆ ಸರ್ಕಾರ ಇಡೀ ಯೋಜನೆಯನ್ನೇ ನಿಲ್ಲಿಸಿತು.

ಹಿಂಸೆಗೆ ಒಳಗಾದ ಕ್ರೈಸ್ತರನ್ನು ಮಾತ್ರ ಆರಿಸಿ ಬೇರೆ ದೇಶದಲ್ಲಿ ನೆಲೆಗೊಳಿಸುವ ಪ್ರಯತ್ನಗಳು ಆ ವರ್ಷಗಳಲ್ಲಿ ಹಲವು ಕಡೆ ನಡೆದವು. ಎಲ್ಲ ಕಡೆಯೂ ಗಲಾಟೆ ಆಯಿತು. ಆ ಗಲಾಟೆ ಈಗ ಬೇರೆ ರೂಪದಲ್ಲಿ ಮತ್ತೆ ಬಂದಿದೆ. ಅಮೆರಿಕ ನಿರಾಶ್ರಿತರಿಗೆ ಬಾಗಿಲು ಬಹುತೇಕ ಮುಚ್ಚಿ, ಕೆಲವರಿಗೆ ಮಾತ್ರ ತೆರೆದಿದೆ. ನಮ್ಮಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು ಜಾರಿಗೆ ಬಂದಿವೆ. ಹಾಗಾಗಿ ಜೆಕ್ ದೇಶದ ಈ ಪ್ರಕರಣವನ್ನು ಇಟ್ಟುಕೊಂಡು ವಿಷಯವನ್ನು ಬುಡದಿಂದ ಬಿಡಿಸಿ ನೋಡೋಣ.

ನಿರಾಶ್ರಿತ ಅಂದರೆ ಯಾರು?

ಮಾತಿನಲ್ಲಿ ನಾವು ಮನೆ ಕಳೆದುಕೊಂಡವರನ್ನೆಲ್ಲ ನಿರಾಶ್ರಿತರು ಅನ್ನುತ್ತೇವೆ. ಕಾನೂನಿನಲ್ಲಿ ಹಾಗಲ್ಲ. 1951ರ ನಿರಾಶ್ರಿತರ ಒಪ್ಪಂದ ಎಂಬ ಅಂತರರಾಷ್ಟ್ರೀಯ ಒಡಂಬಡಿಕೆ ಇದೆ. ಅದರ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದಾದರೂ ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಒಂದರ ಕಾರಣಕ್ಕೆ ಹಿಂಸೆಯ ನಿಜವಾದ ಭಯ ಇರಬೇಕು. ಜೊತೆಗೆ ಆ ವ್ಯಕ್ತಿ ತನ್ನ ದೇಶದ ಗಡಿ ದಾಟಿ ಹೊರಗೆ ಬಂದಿರಬೇಕು.

ಗಡಿ ದಾಟದೆ ಸ್ವಂತ ದೇಶದಲ್ಲೇ ಬೇರೆ ಊರಿಗೆ ಓಡಿದವರು ‘ಆಂತರಿಕವಾಗಿ ಸ್ಥಳಾಂತರಗೊಂಡವರು’. ಅವರ ಕಷ್ಟ ಕಡಿಮೆ ಅಂತಲ್ಲ. ಆದರೆ ಒಪ್ಪಂದದ ರಕ್ಷಣೆ ಅವರಿಗೆ ನೇರವಾಗಿ ಸಿಗುವುದಿಲ್ಲ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಜೋಡಿ ಪದ: ಆಶ್ರಯ ಮತ್ತು ಮರುವಸತಿ. ಒಬ್ಬ ತಾನಾಗಿ ಒಂದು ದೇಶಕ್ಕೆ ಬಂದು ರಕ್ಷಣೆ ಕೇಳಿದರೆ ಅದು ಆಶ್ರಯದ ಅರ್ಜಿ. ಅರ್ಜಿ ಪರಿಶೀಲಿಸುವುದು ಆ ದೇಶದ ಹೊಣೆ. ಮರುವಸತಿ ಬೇರೆ. ಅಲ್ಲಿ ದೇಶವೇ ದೂರದಲ್ಲಿರುವವರ ಪೈಕಿ ಕೆಲವರನ್ನು ಆರಿಸಿ ಕರೆತರುತ್ತದೆ. ಇದು ಹಕ್ಕಲ್ಲ, ಆ ದೇಶದ ಮನಸ್ಸಿಗೆ ಬಿಟ್ಟದ್ದು. ಜಗತ್ತಿನ ನಿರಾಶ್ರಿತರಲ್ಲಿ ಒಂದು ವರ್ಷಕ್ಕೆ ಹೀಗೆ ಅವಕಾಶ ಸಿಗುವವರು ನೂರಕ್ಕೆ ಒಬ್ಬರೂ ಇಲ್ಲ.

ಅಷ್ಟು ಕಡಿಮೆ ಜಾಗ, ಅಷ್ಟು ಜಾಸ್ತಿ ಜನ. ಆರಿಸುವುದು ಅನಿವಾರ್ಯ. ಜಗಳ ಶುರುವಾಗುವುದು ಅಲ್ಲೇ.

ನಿನೆವೆ ಬಯಲಿನಲ್ಲಿ ಆದದ್ದು

ಉತ್ತರ ಇರಾಕಿನ ಮೊಸುಲ್ ನಗರ ಮತ್ತು ಅದರ ಸುತ್ತಲಿನ ನಿನೆವೆ ಬಯಲು ಜಗತ್ತಿನ ಬಹಳ ಹಳೆಯ ಕ್ರೈಸ್ತ ನೆಲೆಗಳಲ್ಲಿ ಒಂದು. ಅಲ್ಲಿನವರ ಮನೆಮಾತು ಅರಾಮಿಕ್ ಭಾಷೆಯ ಇಂದಿನ ರೂಪ. ಅವರಲ್ಲಿ ದೊಡ್ಡ ಗುಂಪು ಕಾಲ್ಡಿಯನ್ ಕ್ಯಾಥೋಲಿಕರದು. ಕೇರಳದ ಸಿರೋ ಮಲಬಾರ್ ಸಭೆಯ ಪೂಜಾವಿಧಿಯ ಬೇರು ಇದೇ ಪೂರ್ವ ಸಿರಿಯಾಕ್ ಪರಂಪರೆಯಲ್ಲಿದೆ. ಆ ಸಭೆಗೆ ನಮ್ಮ ಬೆಳ್ತಂಗಡಿಯಲ್ಲೂ 1999ರಿಂದ ಒಂದು ಧರ್ಮಪ್ರಾಂತ್ಯ ಇದೆ. ಹಾಗಾಗಿ ಇದು ನಮಗೆ ಪೂರ್ತಿ ಪರಕೀಯ ಜಗತ್ತೂ ಅಲ್ಲ.

2003ರಲ್ಲಿ ಅಮೆರಿಕ ದಾಳಿ ಮಾಡುವ ಮೊದಲು ಇರಾಕಿನಲ್ಲಿ ಸುಮಾರು 14-15 ಲಕ್ಷ ಕ್ರೈಸ್ತರಿದ್ದರು ಎಂಬ ಅಂದಾಜಿದೆ. ಆಮೇಲಿನ ಬಾಂಬು, ಅಪಹರಣ, ಬೆದರಿಕೆಗಳಿಂದ ಆ ಸಂಖ್ಯೆ ಕರಗುತ್ತಲೇ ಹೋಯಿತು. ದೊಡ್ಡ ಹೊಡೆತ ಬಿದ್ದದ್ದು 2014ರಲ್ಲಿ. ಜೂನ್ 10ರಂದು ಮೊಸುಲ್ ಇಸ್ಲಾಮಿಕ್ ಸ್ಟೇಟ್ (ಐಸಿಸ್) ಎಂಬ ಉಗ್ರ ಸಂಘಟನೆಯ ಕೈಗೆ ಸಿಕ್ಕಿತು. ಜುಲೈ ಮಧ್ಯದಲ್ಲಿ ಕ್ರೈಸ್ತರಿಗೆ ಗಡುವು ಬಂತು: ಮತಾಂತರವಾಗಿ, ಇಲ್ಲ ಜಿಜಿಯಾ ತೆರಿಗೆ ಕಟ್ಟಿ, ಇಲ್ಲ ಊರು ಬಿಡಿ, ಇಲ್ಲದಿದ್ದರೆ ಕತ್ತಿ. ಕ್ರೈಸ್ತರ ಮನೆಗಳ ಗೋಡೆಯ ಮೇಲೆ ಅರಬಿಯ ‘ನೂನ್’ ಅಕ್ಷರ ಬರೆದರು. ಬಟ್ಟಲಿನಂಥ ಒಂದು ಗೆರೆ, ನಡುವೆ ಒಂದು ಚುಕ್ಕೆ. ‘ನಸ್ರಾನಿ’, ಅಂದರೆ ನಜರೇತಿನವನ ಅನುಯಾಯಿ, ಎಂಬುದರ ಮೊದಲಕ್ಷರ ಅದು. ಪಕ್ಕದಲ್ಲಿ ‘ಈ ಆಸ್ತಿ ಇಸ್ಲಾಮಿಕ್ ಸ್ಟೇಟಿನದು’ ಎಂಬ ಬರಹ. ಊರು ಬಿಟ್ಟವರ ಬಂಗಾರ, ದುಡ್ಡು, ಮೊಬೈಲನ್ನು ಚೆಕ್‌ಪೋಸ್ಟುಗಳಲ್ಲಿ ಕಿತ್ತುಕೊಂಡರು.

ಆಗಸ್ಟ್ 6ರ ರಾತ್ರಿ ಬಯಲಿನ ದೊಡ್ಡ ಕ್ರೈಸ್ತ ಪಟ್ಟಣ ಕರಾಕೋಶ್ ಖಾಲಿಯಾಯಿತು. ಒಂದು ಲಕ್ಷಕ್ಕೂ ಹೆಚ್ಚು ಜನ ಕುರ್ದಿಸ್ತಾನದ ಎರ್ಬಿಲ್ ಕಡೆ ನಡೆದರು. ಎರ್ಬಿಲ್ಲಿನ ಕ್ರೈಸ್ತ ಬಡಾವಣೆ ಅಂಕಾವಾದಲ್ಲಿ ಚರ್ಚಿನ ಅಂಗಳ, ಶಾಲೆ, ಅರ್ಧ ಕಟ್ಟಿ ನಿಂತಿದ್ದ ಒಂದು ಮಾಲ್, ಎಲ್ಲೆಂದರಲ್ಲಿ ಜನ ಮಲಗಿದರು. ಆಮೇಲೆ ಕಂಟೇನರ್ ಮನೆಗಳು ಬಂದವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಐಸಿಸ್ ಹೊಡೆತ ಕ್ರೈಸ್ತರಿಗೆ ಮಾತ್ರ ಬೀಳಲಿಲ್ಲ. ಯಜೀದಿ ಎಂಬ ಪುಟ್ಟ ಧಾರ್ಮಿಕ ಸಮುದಾಯದ ಗಂಡಸರನ್ನು ಸಾಲಾಗಿ ಕೊಂದರು, ಹೆಣ್ಣುಮಕ್ಕಳನ್ನು ಮಾರಿದರು. ಶಿಯಾ ಮುಸ್ಲಿಮರನ್ನು ಕೊಂದರು. ತಮ್ಮ ಮಾತು ಕೇಳದ ಸುನ್ನಿಗಳನ್ನೂ ಬಿಡಲಿಲ್ಲ. 2016ರ ಮಾರ್ಚಿನಲ್ಲಿ ಅಮೆರಿಕ ಇದನ್ನು ಜನಾಂಗಹತ್ಯೆ ಎಂದು ಕರೆದಾಗ ಯಜೀದಿ, ಕ್ರೈಸ್ತ, ಶಿಯಾ ಮೂವರ ಹೆಸರನ್ನೂ ಹೇಳಿತು.

ಸರ್ಕಾರ ಇರುವಾಗ ದತ್ತಿ ಸಂಸ್ಥೆಗೇನು ಕೆಲಸ?

ಎರ್ಬಿಲ್ಲಿನಲ್ಲಿದ್ದ ಕ್ರೈಸ್ತರು ಗಡಿ ದಾಟಿರಲಿಲ್ಲ. ಇರಾಕಿನೊಳಗೇ ಇದ್ದರು. ಅಂದರೆ ಕಾನೂನಿನ ಲೆಕ್ಕದಲ್ಲಿ ನಿರಾಶ್ರಿತರೇ ಅಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಮರುವಸತಿಗೆ ಹೆಸರು ಸೂಚಿಸುವುದು ಸಾಮಾನ್ಯವಾಗಿ ಗಡಿ ದಾಟಿ ನೋಂದಾಯಿಸಿಕೊಂಡವರನ್ನು. ಹಾಗಾಗಿ ಇವರು ಆ ಸಾಲಿನಲ್ಲೇ ಇರಲಿಲ್ಲ.

ಸಿರಿಯಾದ ಕ್ರೈಸ್ತರದು ಇನ್ನೊಂದು ಬಗೆಯ ತೊಡಕು. ದೇಶ ಬಿಟ್ಟವರಲ್ಲಿ ಅವರ ಪಾಲು ಕಡಿಮೆ. ಬಿಟ್ಟವರಲ್ಲೂ ಹಲವರು ಶಿಬಿರಗಳಿಗೆ ಹೆದರಿ ಚರ್ಚಿನ ಆಸುಪಾಸಿನಲ್ಲಿ ಬಾಡಿಗೆ ಹಿಡಿದರು, ಹೆಸರು ನೋಂದಾಯಿಸಲಿಲ್ಲ. ಅಮೆರಿಕ 2016ರ ಹಣಕಾಸು ವರ್ಷದಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಸಿರಿಯನ್ನರನ್ನು ಸೇರಿಸಿಕೊಂಡಿತು. ಅವರಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಯುದ್ಧಕ್ಕೆ ಮುಂಚೆ ಸಿರಿಯಾದಲ್ಲಿ ಕ್ರೈಸ್ತರು ನೂರಕ್ಕೆ ಐದರಿಂದ ಹತ್ತರಷ್ಟಿದ್ದರು ಎಂದು ಅಂದಾಜು. ‘ನಮ್ಮವರನ್ನು ಯಾರೂ ಕೇಳುತ್ತಿಲ್ಲ’ ಎಂಬ ಭಾವನೆ ಚರ್ಚುಗಳಲ್ಲಿ ಹುಟ್ಟಿದ್ದಕ್ಕೆ ಈ ಲೆಕ್ಕವೂ ಒಂದು ಕಾರಣ. ಬೇಕೆಂದೇ ಹೊರಗಿಟ್ಟರು ಎಂಬುದಕ್ಕೆ ಈ ಅಂಕಿಯೊಂದೇ ಸಾಕ್ಷಿ ಆಗುವುದಿಲ್ಲ. ಅದೇ ವರ್ಷ ಎಲ್ಲ ದೇಶಗಳಿಂದ ಅಮೆರಿಕಕ್ಕೆ ಬಂದ ನಿರಾಶ್ರಿತರನ್ನು ಎಣಿಸಿದರೆ ಕ್ರೈಸ್ತರು 37,521, ಮುಸ್ಲಿಮರು 38,901. ಹೆಚ್ಚು ಕಡಿಮೆ ಸಮ.

ಈ ಖಾಲಿ ಜಾಗಕ್ಕೆ ಖಾಸಗಿ ಸಂಸ್ಥೆಗಳು ಬಂದವು. ಲಂಡನ್ನಿನ ಪ್ರಕಾಶಕ ಲಾರ್ಡ್ ಜಾರ್ಜ್ ವೈಡನ್‌ಫೆಲ್ಡ್ 2015ರಲ್ಲಿ ಒಂದು ನಿಧಿ ತೆರೆದರು. ಅವರು ವಿಯೆನ್ನಾದ ಯಹೂದಿ. 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಬ್ರಿಟನ್ನಿಗೆ ಬಂದಾಗ ಊಟ, ಬಟ್ಟೆ ಕೊಟ್ಟು ನೋಡಿಕೊಂಡದ್ದು ಕ್ರೈಸ್ತ ಪಂಗಡಗಳವರು. ಆ ಋಣ ತೀರಿಸಬೇಕು ಎಂಬುದು 95ರ ವಯಸ್ಸಿನಲ್ಲಿ ಅವರು ಕೊಟ್ಟ ಕಾರಣ. ಅವರ ನೆರವಿನಲ್ಲಿ ಪೋಲೆಂಡಿನ ಎಸ್ತೆರಾ ಫೌಂಡೇಶನ್ 2015ರ ಜುಲೈಯಲ್ಲಿ ನೂರೈವತ್ತಕ್ಕೂ ಹೆಚ್ಚು ಸಿರಿಯನ್ ಕ್ರೈಸ್ತರನ್ನು ವಾರ್ಸಾಗೆ ಕರೆತಂದಿತು. ಅದೇ ಡಿಸೆಂಬರಿನಲ್ಲಿ 149 ಇರಾಕಿ ಕ್ರೈಸ್ತರು ಎರ್ಬಿಲ್ಲಿನಿಂದ ಸ್ಲೊವಾಕಿಯಾಗೆ ಬಂದಿಳಿದರು.

153 ಹೆಸರುಗಳ ಪಟ್ಟಿ

ಜೆಕ್ ಗಣರಾಜ್ಯದಲ್ಲಿ ಈ ಕೆಲಸಕ್ಕೆ ಹುಟ್ಟಿದ ಸಂಸ್ಥೆ ‘ಗೆನೆರಾಟ್ಸೆ 21’, ಅಂದರೆ ‘ಪೀಳಿಗೆ 21’. ಕೆಲವು ಜೆಕ್ ಕ್ರೈಸ್ತರು ಸೇರಿ ಕಟ್ಟಿದ್ದು. ಅದು ಎರ್ಬಿಲ್ ಮತ್ತು ಲೆಬನಾನಿನಲ್ಲಿದ್ದ ಇರಾಕಿ ಕ್ರೈಸ್ತ ಕುಟುಂಬಗಳ ಪಟ್ಟಿ ಮಾಡಿತು. ಒಟ್ಟು 153 ಮಂದಿ. 2015ರ ಡಿಸೆಂಬರಿನಲ್ಲಿ ಸರ್ಕಾರ ಒಪ್ಪಿತು.

ಕೆಲಸದ ಹಂಚಿಕೆ ಹೀಗಿತ್ತು. ಕುಟುಂಬಗಳನ್ನು ಹುಡುಕುವುದು, ಕರೆತರುವುದು, ಇರಲು ಜಾಗ ನೋಡುವುದು, ಭಾಷೆ ಕಲಿಸುವುದು, ಕೆಲಸ ಹುಡುಕಿಕೊಡುವುದು ಮುಖ್ಯವಾಗಿ ಸಂಸ್ಥೆಯದ್ದು. ಸಂದರ್ಶನ, ಭದ್ರತಾ ತಪಾಸಣೆ, ವೀಸಾ, ಆಶ್ರಯದ ತೀರ್ಮಾನ ಸರ್ಕಾರದ್ದು. ಅಂದರೆ ಪೂರ್ತಿ ಖಾಸಗಿಯೂ ಅಲ್ಲ, ಪೂರ್ತಿ ಸರ್ಕಾರಿಯೂ ಅಲ್ಲ. ಆಮೇಲಿನ ಎಷ್ಟೋ ತಕರಾರು ಈ ಬೆರಕೆಯಿಂದಲೇ ಬಂದದ್ದು.

2016ರ ಜನವರಿ 24ರಂದು ಮೊದಲ ಹತ್ತು ಮಂದಿ ಪ್ರಾಗ್‌ನಲ್ಲಿ ಇಳಿದರು. ಅವರನ್ನು ಯಿಹ್ಲಾವಾ ಪಟ್ಟಣದ ಹೊರಗೆ ಓಕ್ರೌಹ್ಲೀಕ್ ಎಂಬಲ್ಲಿನ ಒಂದು ವಿಹಾರಧಾಮಕ್ಕೆ ಕರೆದೊಯ್ದರು. ಚಳಿಗಾಲ, ಸುತ್ತ ಕಾಡು. ಮೊಸುಲಿನ ಬಿಸಿಲಿನಲ್ಲಿ ಬೆಳೆದವರಿಗೆ ಅದು ಹೇಗಿತ್ತೋ. ಆಮೇಲೆ ಇನ್ನಷ್ಟು ತಂಡಗಳು ಬಂದವು. ಒಟ್ಟು 89 ಮಂದಿ ಆದರು.

ಅಷ್ಟರಲ್ಲೇ ಬಿರುಕು ಕಾಣಿಸಿತು. ಕೆಲವರು ಊರಿನ, ಮನೆಯವರ ನೆನಪು ತಡೆಯಲಾಗದೆ ಇರಾಕಿಗೇ ವಾಪಸ್ ಹೋದರು. 25 ಮಂದಿ ಪಾಸ್‌ಪೋರ್ಟ್ ವಾಪಸ್ ತೆಗೆದುಕೊಂಡು ಆ ಬಸ್ಸು ಹತ್ತಿದರು. ಏಪ್ರಿಲ್ 7ರಂದು ಗೃಹಸಚಿವ ಮಿಲಾನ್ ಖೊವಾನೆತ್ಸ್ ಯೋಜನೆ ನಿಲ್ಲಿಸಿದರು. ಪಟ್ಟಿಯಲ್ಲಿದ್ದು ಇನ್ನೂ ಬಾರದೆ ಉಳಿದವರ ಗತಿ ಅಲ್ಲಿಗೇ ನಿಂತಿತು. ಇದು ನನಗೆ ಈ ಪ್ರಕರಣದ ಅತಿ ಕಹಿ ಭಾಗ ಅನ್ನಿಸುತ್ತದೆ. ಹೋದವರ ನಿರ್ಧಾರಕ್ಕೆ ಬೆಲೆ ತೆತ್ತವರು ಇನ್ನೂ ಎರ್ಬಿಲ್ಲಿನಲ್ಲೋ ಬೈರೂತಿನಲ್ಲೋ ಕಾಯುತ್ತಿದ್ದವರು. ಬಂದವರಲ್ಲಿ ಒಂದಷ್ಟು ಕುಟುಂಬಗಳು ಜೆಕ್ ದೇಶದಲ್ಲೇ ಉಳಿದು ಭಾಷೆ ಕಲಿತು ನೆಲೆನಿಂತವು. ಅವರ ಸುದ್ದಿ ಅಷ್ಟಾಗಿ ಬರಲಿಲ್ಲ.

ಪೋಲೆಂಡಿನಲ್ಲೂ ಹೀಗೇ ಆಯಿತು. ಬಂದವರಲ್ಲಿ ಹೆಚ್ಚಿನವರು ಜರ್ಮನಿ ಮತ್ತಿತರ ಕಡೆ ಹೋದರು. ಸ್ಲೊವಾಕಿಯಾದಿಂದ ಹಲವರು ಇರಾಕಿಗೆ ಮರಳಿದರು.

ಸುರಕ್ಷಿತ ಜಾಗ ಸಿಕ್ಕಿದ ಮೇಲೂ ಯಾಕೆ ಹೊರಟರು?

‘ಕೃತಜ್ಞತೆ ಇಲ್ಲದವರು’ ಎಂದು ಜೆಕ್ ಪತ್ರಿಕೆಗಳಲ್ಲಿ, ರಾಜಕೀಯದಲ್ಲಿ ಸಿಟ್ಟು ಹರಿಯಿತು. ಸಿಟ್ಟು ಬರುವುದು ಸಹಜವೇ. ಕಾಸು ಕೊಟ್ಟವರಿಗೆ, ಶ್ರಮ ಹಾಕಿದವರಿಗೆ ನೋವಾಗದೆ ಇರುತ್ತದಾ? ಆದರೆ ಕಾರಣ ಹುಡುಕಿದರೆ ಬೇರೆ ಚಿತ್ರ ಸಿಗುತ್ತದೆ.

ಜರ್ಮನಿಯಲ್ಲಿ ಇರಾಕ್, ಸಿರಿಯಾ, ಟರ್ಕಿಗಳಿಂದ ಬಂದ ಅಸ್ಸೀರಿಯನ್, ಕಾಲ್ಡಿಯನ್ ಕ್ರೈಸ್ತರ ದೊಡ್ಡ ಸಮುದಾಯ ದಶಕಗಳಿಂದ ಇದೆ. ಅವರದೇ ಚರ್ಚು, ಅವರದೇ ಭಾಷೆಯ ಪೂಜೆ, ಅಂಗಡಿ, ಮದುವೆ, ಸಂಬಂಧ ಎಲ್ಲ ಅಲ್ಲಿವೆ. 2015ರಲ್ಲೇ ಜರ್ಮನಿಗೆ ಸುಮಾರು 8.9 ಲಕ್ಷ ಜನ ಆಶ್ರಯ ಹುಡುಕಿ ಬಂದಿದ್ದರು. ಅವರಲ್ಲಿ ಇವರ ಅಣ್ಣ, ಅತ್ತೆ, ಪಕ್ಕದ ಮನೆಯವರು ಇದ್ದಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಜೆಕ್ ದೇಶದಲ್ಲಿ ಅಂಥದ್ದೇನೂ ಇರಲಿಲ್ಲ.

ಯೋಜನೆಯ ಹಿಂದೆ ಒಂದು ನಂಬಿಕೆ ಇತ್ತು: ಅವರೂ ಕ್ರೈಸ್ತರು, ನಾವೂ ಕ್ರೈಸ್ತರು, ಹೊಂದಿಕೊಳ್ಳುವುದು ಸುಲಭ. ಆದರೆ ಜೆಕ್ ಗಣರಾಜ್ಯ ಯುರೋಪಿನಲ್ಲೇ ಧರ್ಮದ ಗೊಡವೆ ಅತಿ ಕಡಿಮೆ ಇರುವ ದೇಶಗಳಲ್ಲಿ ಒಂದು. 2011ರ ಜನಗಣತಿಯಲ್ಲಿ ತಾವು ಕ್ಯಾಥೋಲಿಕರು ಎಂದು ಬರೆಸಿದವರು ನೂರಕ್ಕೆ ಹತ್ತು ಮಂದಿಯಷ್ಟೆ. ಕರಾಕೋಶಿನಲ್ಲಿ ಚರ್ಚಿನ ಗಂಟೆಯ ಸುತ್ತ ಇಡೀ ಊರಿನ ಬದುಕು ಸುತ್ತುತ್ತಿತ್ತು. ಅಲ್ಲಿಂದ ಬಂದವರಿಗೆ ಕ್ರೈಸ್ತ ಹೆಸರಿನ ಬೀದಿಗಳು ಸಿಕ್ಕವು, ಆ ಬದುಕು ಸಿಗಲಿಲ್ಲ.

ನಮ್ಮಲ್ಲಿ ಇದಕ್ಕೆ ಎದುರು ಉದಾಹರಣೆ ಇದೆ. 1960ರ ದಶಕದ ಆರಂಭದಲ್ಲಿ ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ, ಆಮೇಲೆ ಮುಂಡಗೋಡಿನಲ್ಲಿ ಟಿಬೆಟನ್ನರಿಗೆ ಜಾಗ ಕೊಟ್ಟಿತು. ಕಾಡು ಕಡಿದು ಜೋಳ ಬೆಳೆಯಬೇಕಾಯಿತು, ಆನೆ ಕಾಟ ಬೇರೆ. ಆದರೂ ನಿಂತರು. ಅವರನ್ನು ಹತ್ತೋ ಇಪ್ಪತ್ತೋ ಜನರಂತೆ ಚದುರಿಸಿರಲಿಲ್ಲ. ಒಟ್ಟಿಗೆ ನೆಲೆಗೊಳಿಸಿದ್ದರು. ಸ್ವಂತ ಶಾಲೆ, ಸ್ವಂತ ಮಠ ಬಂದವು. ಈಗಿನ ಮಕ್ಕಳು ಅಮೆರಿಕ, ಕೆನಡಾ ಕಡೆ ಹೋಗುತ್ತಿದ್ದಾರೆ ನಿಜ, ಆದರೆ ಅದು ಎರಡು ಮೂರು ತಲೆಮಾರಿನ ನಂತರದ ಮಾತು.

ಇನ್ನು ಕಾನೂನು. ಯುರೋಪಿನ ಷೆಂಗೆನ್ ವಲಯದಲ್ಲಿ ದೇಶದಿಂದ ದೇಶಕ್ಕೆ ಹೋಗುವಾಗ ಸಾಮಾನ್ಯವಾಗಿ ಪಾಸ್‌ಪೋರ್ಟ್ ತಪಾಸಣೆ ಇಲ್ಲ. ಆದರೆ ಎಲ್ಲಿ ಬೇಕಾದರೂ ಆಶ್ರಯ ಕೇಳುವಂತಿಲ್ಲ. ಆಗ ‘ಡಬ್ಲಿನ್ ನಿಯಮ’ ಎಂಬುದೊಂದಿತ್ತು. ಮೊದಲು ವೀಸಾ ಕೊಟ್ಟ ಅಥವಾ ಮೊದಲು ಕಾಲಿಟ್ಟ ದೇಶವೇ ಸಾಮಾನ್ಯವಾಗಿ ಆ ವ್ಯಕ್ತಿಯ ಅರ್ಜಿಗೆ ಹೊಣೆಯಾಗಿತ್ತು. ಹಾಗಾಗಿ ಈ 25 ಮಂದಿಯ ಹೊಣೆ ಜೆಕ್ ದೇಶದ್ದೇ ಎಂಬ ಪ್ರಶ್ನೆ ಎದ್ದಿತು. ದಾರಿ ತೆರೆದಿದೆ, ಹಕ್ಕು ಇಲ್ಲ. ಈ ಇಕ್ಕಟ್ಟು ಎಲ್ಲ ಧರ್ಮದ ನಿರಾಶ್ರಿತರಿಗೂ ಒಂದೇ.

ಮುಖ್ಯ ತಕರಾರು: ಕ್ರೈಸ್ತರನ್ನು ಮಾತ್ರ ಯಾಕೆ?

1951ರ ಒಪ್ಪಂದದಲ್ಲಿ ಧರ್ಮ ಎರಡು ಕಡೆ ಬರುತ್ತದೆ. ಒಂದು ಕಡೆ, ಧರ್ಮದ ಕಾರಣಕ್ಕೆ ಹಿಂಸೆ ಆದರೆ ನೀನು ನಿರಾಶ್ರಿತ ಎನ್ನುತ್ತದೆ. ಇನ್ನೊಂದು ಕಡೆ, ಅದರ 3ನೇ ವಿಧಿಯಲ್ಲಿ, ಜನಾಂಗ, ಧರ್ಮ, ಮೂಲ ದೇಶ ನೋಡಿ ನಿರಾಶ್ರಿತರ ನಡುವೆ ಭೇದ ಮಾಡಬೇಡಿ ಎನ್ನುತ್ತದೆ. ಎರಡೂ ಒಂದೇ ಕಾಗದದಲ್ಲಿವೆ. ಕ್ರೈಸ್ತ ಎಂಬ ಕಾರಣಕ್ಕೇ ಓಡಿ ಬಂದವನಿಗೆ ಧರ್ಮ ಕೇಳದೆ ನೆರವು ಕೊಡಲಾಗುವುದಿಲ್ಲ. ಆದರೆ ಕ್ರೈಸ್ತನಲ್ಲ ಎಂಬ ಕಾರಣಕ್ಕೆ ಇನ್ನೊಬ್ಬ ಹಿಂಸೆಗೊಳಗಾದವನನ್ನು ಬಿಡುವುದೂ ಸರಿಯಲ್ಲ. ಮರುವಸತಿ ದೇಶದ ಇಷ್ಟಕ್ಕೆ ಬಿಟ್ಟದ್ದಾದ್ದರಿಂದ ಈ ವಿಧಿ ಅಲ್ಲಿಗೆ ಎಷ್ಟು ಅನ್ವಯ ಎಂಬುದೇ ಒಂದು ವಾದ.

ಹಾಗಾದರೆ ಸ್ವಂತ ದುಡ್ಡು ಹಾಕುವ ದತ್ತಿ ಸಂಸ್ಥೆ ತನ್ನವರನ್ನು ನೋಡಿಕೊಂಡರೆ ತಪ್ಪೇನು? ಬೆಂಗಳೂರು, ಮೈಸೂರುಗಳಲ್ಲಿ ಆಯಾ ಸಮುದಾಯದವರು ಕಟ್ಟಿದ ಉಚಿತ ಹಾಸ್ಟೆಲ್‌ಗಳನ್ನು ನೆನಪಿಸಿಕೊಳ್ಳಿ. ಸಮುದಾಯದ ದಾನಿಗಳ ದುಡ್ಡು, ಸಮುದಾಯದ ಮಕ್ಕಳಿಗೆ ರೂಮು. ಯಾರೂ ಜಗಳ ತೆಗೆಯುವುದಿಲ್ಲ. ಆದರೆ ಸರ್ಕಾರಿ ಕಾಲೇಜಿನ ಸೀಟನ್ನೇ ಹಾಸ್ಟೆಲ್ ವಾರ್ಡನ್ ಕೊಟ್ಟ ಪಟ್ಟಿ ನೋಡಿ ಹಂಚಿದರೆ? ಜೆಕ್ ಯೋಜನೆಯಲ್ಲಿ ಊಟ, ವಸತಿ ಹಾಸ್ಟೆಲಿನಂಥದ್ದು, ವೀಸಾ ಸೀಟಿನಂಥದ್ದು. ಬೆಂಬಲಿಸುವವರು ಮೊದಲನೆಯದನ್ನು ತೋರಿಸಿದರು, ವಿರೋಧಿಸುವವರು ಎರಡನೆಯದನ್ನು.

ಆಗಿನ ರಾಜಕೀಯ ಇದನ್ನು ಇನ್ನಷ್ಟು ಕೆಡಿಸಿತು. 2015ರ ಸೆಪ್ಟೆಂಬರ್ 22ರಂದು ಐರೋಪ್ಯ ಒಕ್ಕೂಟ ಇಟಲಿ, ಗ್ರೀಸ್‌ಗಳಲ್ಲಿ ಸಿಲುಕಿದ್ದ 1,20,000 ಮಂದಿಯನ್ನು ಸದಸ್ಯ ದೇಶಗಳಿಗೆ ಹಂಚುವ ತೀರ್ಮಾನ ಮಾಡಿತು. ಜೆಕ್, ಸ್ಲೊವಾಕಿಯಾ, ಹಂಗೇರಿ, ರೊಮೇನಿಯಾ ವಿರುದ್ಧ ಮತ ಹಾಕಿದವು. ಅದಕ್ಕೂ ಒಂದು ತಿಂಗಳ ಮುಂಚೆ ಸ್ಲೊವಾಕಿಯಾದ ಗೃಹ ಇಲಾಖೆ, ತಾವು ಕ್ರೈಸ್ತರನ್ನು ಮಾತ್ರ ತೆಗೆದುಕೊಳ್ಳುತ್ತೇವೆ, ನಮ್ಮಲ್ಲಿ ಮಸೀದಿಯೇ ಇಲ್ಲವಲ್ಲ ಎಂದಿತ್ತು. ಭೇದ ಮಾಡಬಾರದು ಎಂದು ವಿಶ್ವಸಂಸ್ಥೆ ಮತ್ತು ಐರೋಪ್ಯ ಆಯೋಗ ನೆನಪಿಸಬೇಕಾಯಿತು.

ಕಡೆಗೆ ಆ ಹಂಚಿಕೆಯಲ್ಲಿ ಜೆಕ್ ದೇಶ ತೆಗೆದುಕೊಂಡದ್ದು 12 ಮಂದಿಯನ್ನು. ಐರೋಪ್ಯ ನ್ಯಾಯಾಲಯ 2020ರ ಏಪ್ರಿಲ್ 2ರಂದು ಪೋಲೆಂಡ್, ಹಂಗೇರಿ, ಜೆಕ್ ಮೂರೂ ದೇಶಗಳು ಕಾನೂನು ಮುರಿದವು ಎಂದು ತೀರ್ಪು ಕೊಟ್ಟಿತು. ಟೀಕಾಕಾರರ ವಾದದ ಬಲ ಇರುವುದು ಇಲ್ಲಿ. ಕೆಲವು ಕ್ರೈಸ್ತ ಕುಟುಂಬಗಳನ್ನು ತೋರಿಸಿ ಸರ್ಕಾರಗಳು ಉಳಿದವರಿಗೆ ಬಾಗಿಲು ಹಾಕಿಕೊಂಡವು, ದತ್ತಿ ಸಂಸ್ಥೆ ಬಯಸಿತೋ ಇಲ್ಲವೋ ಅದಕ್ಕೆ ನೆಪವಾಯಿತು ಎಂಬುದು ಅವರ ಮಾತು. ಸಂಸ್ಥೆಗಳ ಉತ್ತರ ಸರಳ: ಎಲ್ಲರನ್ನೂ ಉಳಿಸುವ ಶಕ್ತಿ ನಮಗಿಲ್ಲ, ಕೈಗೆ ಸಿಕ್ಕವರನ್ನಾದರೂ ಉಳಿಸುತ್ತೇವೆ. ವೈಡನ್‌ಫೆಲ್ಡ್ ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ.

ಚರ್ಚಿನ ಒಳಗಿನಿಂದಲೇ ಬಂದ ವಿರೋಧ

ಹೊರಗಿನವರಿಗೆ ಅಷ್ಟಾಗಿ ಕಾಣದ ವಿರೋಧ ಒಂದಿದೆ. ಇರಾಕಿನ ಚರ್ಚಿನ ಹಿರಿಯರಿಗೇ ಈ ವಲಸೆ ಇಷ್ಟವಿರಲಿಲ್ಲ. ಆಗ ಕಾಲ್ಡಿಯನ್ ಸಭೆಯ ಮುಖ್ಯಸ್ಥರಾಗಿದ್ದ ಲೂಯಿ ಸಾಕೊ, ಜನ ಹೀಗೆ ಹೊರಟರೆ ಎರಡು ಸಾವಿರ ವರ್ಷದ ನೆಲೆ ಬರಿದಾಗುತ್ತದೆ ಎಂದು ಮತ್ತೆ ಮತ್ತೆ ಹೇಳಿದರು. 2017ರ ಜನವರಿಯಲ್ಲಿ ಟ್ರಂಪ್ ಸರ್ಕಾರ ಹಿಂಸೆಗೊಳಗಾದ ಧಾರ್ಮಿಕ ಅಲ್ಪಸಂಖ್ಯಾತರಿಗೆ ಆದ್ಯತೆ ಎಂದಾಗ ಸಾಕೊ ಖುಷಿಪಡಲಿಲ್ಲ. ಅದನ್ನು ಮಧ್ಯಪ್ರಾಚ್ಯದ ಕ್ರೈಸ್ತರಿಗೆ ಒಡ್ಡಿದ ಬಲೆ ಎಂದರು. ಪಶ್ಚಿಮದವರು ನಮ್ಮನ್ನು ಬೇರೆಯಾಗಿ ನೋಡಿದರೆ ನೆರೆಯ ಮುಸ್ಲಿಮರು ನಮ್ಮನ್ನು ಹೊರಗಿನವರಂತೆ ನೋಡಲು ಶುರುಮಾಡುತ್ತಾರೆ ಎಂಬುದು ಅವರ ಆತಂಕ. ಅಮೆರಿಕದ ಆ ಆದೇಶಕ್ಕೆ ನ್ಯಾಯಾಲಯಗಳಲ್ಲಿ ತಡೆ ಬಿತ್ತು. ಮಾರ್ಚಿನಲ್ಲಿ ಬಂದ ಹೊಸ ಆದೇಶದಲ್ಲಿ ಆ ಆದ್ಯತೆಯ ಸಾಲು ಇರಲಿಲ್ಲ.

ಹಂಗೇರಿ ಇದೇ ವಾದವನ್ನು ತನ್ನದೇ ರೀತಿಯಲ್ಲಿ ಹಿಡಿಯಿತು. 2017ರಲ್ಲಿ ಶುರುವಾದ ‘ಹಂಗೇರಿ ಹೆಲ್ಪ್ಸ್’ ಯೋಜನೆಯಡಿ ಇರಾಕಿನ ತೆಲ್‌ಸ್ಕುಫ್‌ನಂಥ ಊರುಗಳಲ್ಲಿ ಮನೆಗಳನ್ನು ಮತ್ತೆ ಕಟ್ಟಿಸಲು ದುಡ್ಡು ಕೊಟ್ಟಿತು. ಊರಿಗೆ ನೆರವು, ಗಡಿಗೆ ಬೇಲಿ. ಎರಡೂ ಒಂದೇ ಸರ್ಕಾರದ್ದು. ಕರಾಕೋಶ್ 2016ರ ಅಕ್ಟೋಬರಿನಲ್ಲಿ ಐಸಿಸ್ ಕೈಯಿಂದ ಬಿಡುಗಡೆಯಾಯಿತು. ಸಾವಿರಾರು ಕುಟುಂಬ ಮರಳಿದವು. 2021ರ ಮಾರ್ಚ್ 7ರಂದು ಪೋಪ್ ಫ್ರಾನ್ಸಿಸ್ ಅಲ್ಲಿನ ಚರ್ಚಿಗೆ ಬಂದರು. ಐಸಿಸ್ ಸುಟ್ಟು ಕಪ್ಪಾಗಿಸಿದ್ದ ಅದೇ ಕಟ್ಟಡ, ದುರಸ್ತಿಯಾಗಿತ್ತು.

ಬೇರೆಯವರು ಹೇಗೆ ಮಾಡಿದರು?

ಕೆನಡಾದಲ್ಲಿ 1979ರ ಸುಮಾರಿನಿಂದ ಖಾಸಗಿ ಪ್ರಾಯೋಜನೆಯ ಪದ್ಧತಿ ಇದೆ. ಐದು ಜನ ನಾಗರಿಕರೋ ಒಂದು ಚರ್ಚೋ ಸಂಘವೋ ಸೇರಿ ಒಂದು ನಿರಾಶ್ರಿತ ಕುಟುಂಬದ ಒಂದು ವರ್ಷದ ಖರ್ಚು, ಓಡಾಟ ಹೊತ್ತುಕೊಳ್ಳಬಹುದು. ಯಾರು ಬರಬೇಕೆಂದು ಹೆಸರನ್ನೂ ಸೂಚಿಸಬಹುದು. ಸರ್ಕಾರದೊಂದಿಗೆ ಮೊದಲ ಒಪ್ಪಂದ ಮಾಡಿಕೊಂಡದ್ದು ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಸಂಸ್ಥೆ. ಈ ದಾರಿಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಬಂದಿದ್ದಾರೆ. ಇಲ್ಲೂ ಚರ್ಚುಗಳು ತಮ್ಮವರನ್ನು ಕರೆಸಿಕೊಳ್ಳುತ್ತವೆ. ಆದರೆ ಅದೇ ಬಾಗಿಲು ಮಸೀದಿ ಸಮಿತಿಗೂ, ಯಾವ ಧರ್ಮವೂ ಬೇಡವೆನ್ನುವ ಗೆಳೆಯರ ಗುಂಪಿಗೂ ತೆರೆದಿರುತ್ತದೆ. ಸರ್ಕಾರ ತಾನು ಕರೆತರುವವರನ್ನು ಬೇರೆ ಲೆಕ್ಕದಲ್ಲಿ ತರುತ್ತದೆ. ಗಲಾಟೆ ಕಡಿಮೆ ಆಗಲು ಇದೂ ಕಾರಣ ಇರಬಹುದು. ಅರ್ಜಿ ರಾಶಿ ಬಿದ್ದು, 2024ರ ಕೊನೆಯಲ್ಲಿ ಐದು ಜನರ ಗುಂಪಿನ ಹೊಸ ಅರ್ಜಿಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿದ್ದೂ ಉಂಟು.

ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2015ರಲ್ಲಿ ಸುಮಾರು 1,100 ಮಂದಿ ಹೆಂಗಸರು, ಮಕ್ಕಳನ್ನು ಇರಾಕಿನಿಂದ ಕರೆತಂದಿತು. ಐಸಿಸ್ ಸೆರೆಯಲ್ಲಿ ನರಳಿ ಬಂದವರು, ಚಿಕಿತ್ಸೆ ಬೇಕಾದವರು, ಇದು ಆಯ್ಕೆಯ ಅಳತೆ. ಬಂದವರಲ್ಲಿ ಬಹುಪಾಲು ಯಜೀದಿಗಳೇ ಆದರು, ಯಾಕೆಂದರೆ ಆ ಹಿಂಸೆಗೆ ಹೆಚ್ಚು ಸಿಕ್ಕವರು ಅವರು. 2018ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ನಾದಿಯಾ ಮುರಾದ್ ಬಂದದ್ದು ಇದೇ ಯೋಜನೆಯಲ್ಲಿ. ಆಗಿರುವ ಹಾನಿಯನ್ನು ಅಳತೆ ಮಾಡಿದರೂ ನೆರವು ತಲುಪಬೇಕಾದ ಸಮುದಾಯಕ್ಕೇ ತಲುಪಿತು. ಪಟ್ಟಿಗೆ ಧರ್ಮದ ಹೆಸರು ಬರೆಯಬೇಕಾಗಲಿಲ್ಲ.

ಅಮೆರಿಕ ಮತ್ತು ಭಾರತದಲ್ಲಿ ಈಗ

ಅಮೆರಿಕದಲ್ಲಿ ಸರ್ಕಾರದ ಪರವಾಗಿ ನಿರಾಶ್ರಿತರನ್ನು ನೆಲೆಗೊಳಿಸುತ್ತಿದ್ದ ಸಂಸ್ಥೆಗಳಲ್ಲಿ ಬಹುಪಾಲು ಧಾರ್ಮಿಕ ಸಂಸ್ಥೆಗಳಾಗಿದ್ದವು. ಆದರೆ ಯಾರನ್ನು ಕಳಿಸಬೇಕೆಂದು ಸರ್ಕಾರ ತೀರ್ಮಾನಿಸುತ್ತಿತ್ತು, ಯಾವ ಧರ್ಮದವರು ಬಂದರೂ ಅವು ನೋಡಿಕೊಳ್ಳುತ್ತಿದ್ದವು. 2025ರ ಜನವರಿಯಲ್ಲಿ ಟ್ರಂಪ್ ನಿರಾಶ್ರಿತರ ಕಾರ್ಯಕ್ರಮ ನಿಲ್ಲಿಸಿದರು. ಕಾಯುತ್ತಿದ್ದವರಲ್ಲಿ ಹಿಂಸೆಗೊಳಗಾದ ಕ್ರೈಸ್ತರೂ ಸಿಕ್ಕಿಹಾಕಿಕೊಂಡರು. ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ ಬಿಳಿಯ ಆಫ್ರಿಕಾನರ್‌ಗಳಿಗೆ ಬಾಗಿಲು ತೆರೆಯಿತು. ಅವರನ್ನು ನೆಲೆಗೊಳಿಸಲು ಎಪಿಸ್ಕೋಪಲ್ ಚರ್ಚು ಒಪ್ಪಲಿಲ್ಲ, ಸರ್ಕಾರದ ಜೊತೆಗಿನ ದಶಕಗಳ ಕೆಲಸವನ್ನೇ ಮುಗಿಸಿತು. 2026ರ ಹಣಕಾಸು ವರ್ಷಕ್ಕೆ ಮೊದಲು ಗೊತ್ತುಮಾಡಿದ ಮಿತಿ 7,500 ಮಂದಿ, ಅದರಲ್ಲಿ ಹೆಚ್ಚಿನ ಪಾಲು ಆಫ್ರಿಕಾನರ್‌ಗಳಿಗೆ.

ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರ ಬಗ್ಗೆ ಪ್ರತ್ಯೇಕ ಕಾನೂನೂ ಇಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಪೌರತ್ವದ ದಾರಿ ಸುಲಭ ಮಾಡಿತು. ನಿಯಮಗಳು 2024ರ ಮಾರ್ಚ್ 11ರಂದು ಪ್ರಕಟವಾದವು. ಆ ದೇಶಗಳಲ್ಲಿ ಧರ್ಮದ ಕಾರಣಕ್ಕೆ ಹಿಂಸೆಗೆ ಒಳಗಾದ ಅಲ್ಪಸಂಖ್ಯಾತರಿಗಾಗಿ ಇದು, ಹಾಗಾಗಿ ಧರ್ಮ ನೋಡುವುದು ಸಹಜ ಎಂಬುದು ಸರ್ಕಾರದ ವಾದ. ಅದೇ ದೇಶಗಳಲ್ಲಿ ಹಿಂಸೆಗೊಳಗಾಗುವ ಅಹ್ಮದಿಯಾ, ಹಜಾರಾ ಎಂಬ ಚಿಕ್ಕ ಸಮುದಾಯಗಳನ್ನೂ ಶ್ರೀಲಂಕಾದ ತಮಿಳರನ್ನೂ ಬಿಟ್ಟಿದ್ದು ಸಂವಿಧಾನದ ಸಮಾನತೆಗೆ ವಿರುದ್ಧ ಎಂಬುದು ಸುಪ್ರೀಂ ಕೋರ್ಟಿಗೆ ಹೋದವರ ವಾದ. ಜೆಕ್ ಯೋಜನೆ ಬರಿಯ ವೀಸಾ ಮತ್ತು ಆಶ್ರಯದ ಮಾತಾಗಿತ್ತು. ಇಲ್ಲಿ ಪೌರತ್ವವೇ ವಿಷಯವಾದ್ದರಿಂದ, ನ್ಯಾಯಾಲಯ ಸಮಾನತೆಯ ಹಕ್ಕು ಹೇಳುವ ಸಂವಿಧಾನದ 14ನೇ ವಿಧಿಯನ್ನು ಇಟ್ಟುಕೊಂಡು ಇದನ್ನು ತೂಗಬೇಕಾಗುತ್ತದೆ.